ಎದೆನೋವು ಬಂದಾಗ ಮೊದಲ ಗಂಟೆ

ಕೃಷಿ ಮತ್ತು ಆರೋಗ್ಯ



ಅರಿಶಿನದ ಗೆಡ್ಡೆ ಕೊಳೆಯುತ್ತಿದ್ದರೆ ಎಲೆಯ ಅಂಚು ಒಣಗುವುದನ್ನು ನೋಡಿಯೇ ನಾವು ತಿಳಿದುಕೊಳ್ಳುತ್ತೇವೆ. ಕೋಸಿಗೆ ಹುಳು ಬಿದ್ದರೆ ಎಲೆಯ ತೂತೇ ಹೇಳುತ್ತದೆ. ಹಸು ಮೇವು ಬಿಟ್ಟು ಮೆಲುಕು ನಿಲ್ಲಿಸಿದರೆ ಅಂದೇ ಪಶುವೈದ್ಯರಿಗೆ ಹೇಳಿ ಕಳುಹಿಸುತ್ತೇವೆ. ಆದರೆ ಮನೆಯ ಯಜಮಾನನಿಗೆ ಎದೆ ಬಿಗಿದು ಮೈಯೆಲ್ಲ ಬೆವರಿದರೆ ಏನು ಮಾಡುತ್ತೇವೆ? 'ಗ್ಯಾಸ್ ಇರಬೇಕು, ಸ್ವಲ್ಪ ಮಲಗಿಕೋ, ಬೆಳಿಗ್ಗೆ ನೋಡೋಣ' ಎನ್ನುತ್ತೇವೆ. ಬೆಳೆಗೂ ದನಕ್ಕೂ ತೋರಿಸುವ ಎಚ್ಚರವನ್ನು ನಮ್ಮ ಎದೆಗೆ ತೋರಿಸುವುದಿಲ್ಲ.

ಈ ತಿಂಗಳ ಪಾಠ ಹೃದಯಾಘಾತದ ಬಗ್ಗೆ. ಅದನ್ನು ಗುರುತಿಸುವುದು ಹೇಗೆ, ಇ.ಸಿ.ಜಿ. ಪರೀಕ್ಷೆಯಿಂದ ಏನು ತಿಳಿಯುತ್ತದೆ, ನಮ್ಮ ತಾಳವಾಡಿ ಬೆಟ್ಟದಂತಹ ಕಡೆ ಇರುವವರು ಮೊದಲ ಗಂಟೆಯಲ್ಲಿ ಏನು ಮಾಡಬೇಕು ಎಂಬುದನ್ನು ಒಂದೊಂದಾಗಿ ನೋಡೋಣ. ಮನೆಯಲ್ಲಿ ಓದಲು ಬಾರದ ಹಿರಿಯರಿದ್ದರೆ ಮಕ್ಕಳು ಇದನ್ನು ಗಟ್ಟಿಯಾಗಿ ಓದಿ ಹೇಳಲಿ.

ಹೃದಯಾಘಾತ ಎಂದರೇನು?

ನಮ್ಮ ಹೃದಯ ಸುಮಾರು ಮುಷ್ಟಿಯ ಗಾತ್ರದ ಒಂದು ಮಾಂಸಖಂಡ. ಮೈಯೆಲ್ಲಕ್ಕೂ ರಕ್ತವನ್ನು ಒತ್ತಿ ಕಳುಹಿಸುವುದು ಅದರ ಕೆಲಸ. ಹೀಗೆ ದುಡಿಯುವ ಹೃದಯಕ್ಕೂ ರಕ್ತ ಬೇಕಲ್ಲವೇ? ಅದನ್ನು ತಂದುಕೊಡಲು ಎಡಕ್ಕೊಂದು ಬಲಕ್ಕೊಂದು ಸಣ್ಣ ರಕ್ತನಾಳಗಳಿವೆ. ಅವು ಕವಲೊಡೆದು ಹೃದಯದ ಮೇಲೆಲ್ಲ ಹರಡಿವೆ.

ಹನಿ ನೀರಾವರಿ ಹಾಕಿಸಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಪೈಪಿನ ಒಳಗೆ ವರ್ಷಗಳ ಕಾಲ ಉಪ್ಪು, ಪಾಚಿ ಕಟ್ಟುತ್ತಾ ಬರುತ್ತದೆ. ನೀರು ಕಡಿಮೆಯಾದರೂ ಗಿಡ ಹೇಗೋ ಬದುಕಿರುತ್ತದೆ. ಒಂದು ದಿನ ಕಸ ಬಂದು ಸಿಕ್ಕಿಕೊಂಡರೆ ಆ ಸಾಲಿಗೆ ನೀರು ಪೂರ್ತಿ ನಿಲ್ಲುತ್ತದೆ. ಮೋಟರು ಓಡುತ್ತಿದೆ, ಬಾವಿಯಲ್ಲಿ ನೀರಿದೆ, ಆದರೂ ಆ ಒಂದು ಸಾಲು ಬಾಡುತ್ತದೆ. ಹೃದಯದ ನಾಳದಲ್ಲೂ ಹೀಗೆಯೇ. ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕಟ್ಟುತ್ತದೆ. ಒಂದು ದಿನ ಆ ಕೊಬ್ಬಿನ ಪದರ ಬಿರಿಯುತ್ತದೆ. ಬಿರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಳ್ಳುತ್ತದೆ. ಆ ನಾಳವನ್ನು ನಂಬಿದ ಹೃದಯದ ಭಾಗ ಸಾಯತೊಡಗುತ್ತದೆ. ಇದೇ ಹೃದಯಾಘಾತ.

ಗಿಡಕ್ಕೂ ಹೃದಯಕ್ಕೂ ಒಂದು ವ್ಯತ್ಯಾಸವಿದೆ. ಸಂಜೆ ನೀರು ಬಿಟ್ಟರೆ ಬಾಡಿದ ಗಿಡ ಮರುದಿನ ಎದ್ದು ನಿಲ್ಲಬಹುದು. ಹೃದಯದ ಮಾಂಸ ಅರ್ಧ ಗಂಟೆಯಲ್ಲೇ ಸಾಯಲು ಆರಂಭವಾಗುತ್ತದೆ. ಮುಂದಿನ ಕೆಲವು ಗಂಟೆಗಳಲ್ಲಿ ಆ ಹಾನಿ ಹರಡುತ್ತಾ ಹೋಗುತ್ತದೆ. ಒಮ್ಮೆ ಸತ್ತ ಭಾಗ ಮತ್ತೆ ಚಿಗುರುವುದಿಲ್ಲ. ಆದ್ದರಿಂದ ವೈದ್ಯರು ಮೊದಲ ಗಂಟೆಯನ್ನು ಚಿನ್ನದ ಗಂಟೆ ಎಂದು ಕರೆಯುತ್ತಾರೆ.

ಗುರುತಿಸುವುದು ಹೇಗೆ?

ಈ ಲಕ್ಷಣಗಳನ್ನು ಚೆನ್ನಾಗಿ ನೆನಪಿಡಬೇಕು.

1. ಎದೆಯ ನಡುವೆ ಬಿಗಿತ, ಭಾರ, ಹಿಂಡಿದಂತಹ ನೋವು ಅಥವಾ ಉರಿ. ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಎದೆಯ ಮೇಲೆ ಮೂಟೆ ಇಟ್ಟಂತಿದೆ ಎನ್ನುವವರೇ ಹೆಚ್ಚು.

2. ನೋವು ಎಡಗೈಗೆ, ಎರಡೂ ಕೈಗಳಿಗೆ, ಭುಜ, ಕುತ್ತಿಗೆ, ದವಡೆ ಅಥವಾ ಬೆನ್ನಿಗೆ ಹರಿಯುವುದು.

3. ಕಾರಣವಿಲ್ಲದೆ ತಣ್ಣನೆಯ ಬೆವರು.

4. ಉಸಿರು ಕಟ್ಟುವುದು, ವಾಕರಿಕೆ, ವಾಂತಿ, ತಲೆ ಸುತ್ತುವುದು, ಏನೋ ಆಗಬಾರದ್ದು ಆಗುತ್ತಿದೆ ಎಂಬ ಭಯ.

ಕುಳಿತು ವಿಶ್ರಾಂತಿ ತೆಗೆದುಕೊಂಡ ಮೇಲೂ ಹತ್ತು ಹದಿನೈದು ನಿಮಿಷದಲ್ಲಿ ನೋವು ಹೋಗದಿದ್ದರೆ ಅದನ್ನು ಹೃದಯಾಘಾತ ಎಂದೇ ತಿಳಿದು ಹೊರಡಬೇಕು. ನೋವಿನ ಜೊತೆ ಬೆವರು, ಉಸಿರುಕಟ್ಟು ಇದ್ದರೆ ಅಷ್ಟು ಹೊತ್ತೂ ಕಾಯಬಾರದು.

ಸಕ್ಕರೆ ಕಾಯಿಲೆ ಇರುವವರು, ವಯಸ್ಸಾದವರು ಮತ್ತು ಹೆಣ್ಣುಮಕ್ಕಳಲ್ಲಿ ಎದೆನೋವು ಸ್ಪಷ್ಟವಾಗಿ ಕಾಣದೆ ಇರಬಹುದು. ಬರೀ ಉಸಿರುಕಟ್ಟು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ವಾಂತಿ, ಎಂದೂ ಇಲ್ಲದ ಸುಸ್ತು ಇಷ್ಟೇ ಬರಬಹುದು. ನಮ್ಮ ತಾಯಂದಿರು ತಮ್ಮ ನೋವನ್ನು ಕೊನೆಯಲ್ಲಿ ಹೇಳುವವರು. ಒಲೆ ಆರಿಸಿ, ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದ ಮೇಲೆ 'ಯಾಕೋ ಆಗುತ್ತಿಲ್ಲ' ಎನ್ನುತ್ತಾರೆ. ಅವರು ಹಾಗೆ ಹೇಳಿದರೆ ಹಗುರವಾಗಿ ತೆಗೆದುಕೊಳ್ಳಬೇಡಿ.

ಇನ್ನು ಕೆಲವರಿಗೆ ಮೊದಲೇ ಸೂಚನೆ ಸಿಗುತ್ತದೆ. ಗುದ್ದಲಿ ಹಿಡಿದಾಗ, ಮೂಟೆ ಹೊತ್ತಾಗ, ಏರು ಹತ್ತಿದಾಗ ಎದೆ ಬಿಗಿಯುತ್ತದೆ, ನಿಂತರೆ ಐದು ನಿಮಿಷದಲ್ಲಿ ಹೋಗುತ್ತದೆ. 'ನಿಂತರೆ ಹೋಗುತ್ತದಲ್ಲ' ಎಂದು ಸಮಾಧಾನ ಪಡಬಾರದು. ನಾಳ ಕಿರಿದಾಗಿದೆ ಎಂದು ಹೃದಯ ಮೊದಲೇ ಕೊಡುವ ಎಚ್ಚರಿಕೆ ಅದು. ಆ ವಾರದಲ್ಲೇ ವೈದ್ಯರಿಗೆ ತೋರಿಸಬೇಕು. ಅಂಥ ನೋವು ಕಡಿಮೆ ಕೆಲಸಕ್ಕೇ ಬರತೊಡಗಿದರೆ, ಅಥವಾ ಸುಮ್ಮನೆ ಕುಳಿತಾಗಲೂ ಬಂದರೆ ಅಂದೇ ಹೋಗಬೇಕು.

ಗ್ಯಾಸ್ ಎಂಬ ಸಮಾಧಾನ

ಎದೆಯುರಿ ಎಂದ ಕೂಡಲೇ ಸೋಡಾ, ಜೀರಿಗೆ ಕಷಾಯ, ಬೆಳ್ಳುಳ್ಳಿ, ಎಣ್ಣೆ ತಿಕ್ಕುವುದು, ಅಂಗಡಿಯಿಂದ ಗ್ಯಾಸಿನ ಮಾತ್ರೆ ತರುವುದು ನಮ್ಮಲ್ಲಿ ರೂಢಿ. ಇವುಗಳಿಂದ ತೇಗು ಬಂದು ಸ್ವಲ್ಪ ಹಗುರವಾಯಿತು ಎಂದರೂ ಅದು ಗ್ಯಾಸೇ ಆಗಿತ್ತು ಎಂದು ಸಾಬೀತಾಗುವುದಿಲ್ಲ. ಹೃದಯಾಘಾತದ ನೋವೂ ಏರಿ ಇಳಿಯುತ್ತದೆ. ಗ್ಯಾಸೋ ಹೃದಯವೋ ಎಂದು ಮನೆಯಲ್ಲಿ ಕುಳಿತು ಖಚಿತವಾಗಿ ಹೇಳಬಲ್ಲವರು ಯಾರೂ ಇಲ್ಲ. ದೊಡ್ಡ ವೈದ್ಯರೇ ಮನೆಗೆ ಬಂದರೂ ಇ.ಸಿ.ಜಿ. ನೋಡದೆ ತೀರ್ಮಾನ ಹೇಳುವುದಿಲ್ಲ.

ಒಕ್ಕಲು ಮಕ್ಕಳಿಗೆ ಮತ್ತೊಂದು ಎಚ್ಚರಿಕೆ. ಕೋಸು, ಟೊಮೆಟೊ, ಆಲೂಗಡ್ಡೆಗೆ ಔಷಧಿ ಹೊಡೆದ ದಿನ ಬೆವರು, ವಾಂತಿ, ಎದೆ ಬಿಗಿತ ಬಂದರೆ ಅದು ಕೀಟನಾಶಕದ ವಿಷವೂ ಆಗಿರಬಹುದು. ಬಾಯಲ್ಲಿ ಜೊಲ್ಲು ಸುರಿಯುವುದು, ಕಣ್ಣು ಮಂಜಾಗುವುದು, ಮಾಂಸಖಂಡ ಅದುರುವುದು ಅದರ ಗುರುತುಗಳು. ಹೃದಯಾಘಾತದಂತೆ ಇದಕ್ಕೂ ಕೂಡಲೇ ಆಸ್ಪತ್ರೆ ಬೇಕು. ಹೊಡೆದ ಔಷಧಿಯ ಡಬ್ಬವನ್ನೋ ಚೀಟಿಯನ್ನೋ ಜೊತೆಗೆ ಒಯ್ಯಿರಿ. ಔಷಧಿ ಹೊಡೆದಿದ್ದನ್ನು ವೈದ್ಯರಿಂದ ಮುಚ್ಚಿಡಬೇಡಿ.

ಆರು ಗಂಟೆ ಮತ್ತು ಐವತ್ತು ನಿಮಿಷ

ಹೊತ್ತು ಎಲ್ಲಿ ಕಳೆದುಹೋಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಒಂದು ದೊಡ್ಡ ಅಧ್ಯಯನವಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಡಾ. ಡೆನಿಸ್ ಜೇವಿಯರ್ ಮತ್ತು ಅವರ ಜೊತೆಗಾರರು ಇದನ್ನು 2008ರಲ್ಲಿ ಪ್ರಕಟಿಸಿದರು. ಭಾರತದ 50 ನಗರಗಳ 89 ಆಸ್ಪತ್ರೆಗಳಲ್ಲಿ ದಾಖಲಾದ 20,468 ಹೃದ್ರೋಗಿಗಳ ವಿವರ ಅದರಲ್ಲಿದೆ. ನೋವು ಶುರುವಾಗಿ ಆಸ್ಪತ್ರೆ ಸೇರುವುದಕ್ಕೆ ಹಿಡಿದ ಮಧ್ಯಮ ಅವಧಿ 360 ನಿಮಿಷ. ಅಂದರೆ ಅರ್ಧದಷ್ಟು ಮಂದಿಗೆ ಆರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹಿಡಿಯಿತು. ಆಸ್ಪತ್ರೆ ಸೇರಿದ ಮೇಲೆ ಹೆಪ್ಪು ಕರಗಿಸುವ ಚುಚ್ಚುಮದ್ದು ಸಿಗಲು ಹಿಡಿದ ಮಧ್ಯಮ ಅವಧಿ 50 ನಿಮಿಷ.

ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಆಸ್ಪತ್ರೆಯ ಒಳಗೆ ಕಳೆದುಹೋದದ್ದು ಒಂದು ಗಂಟೆಗೂ ಕಡಿಮೆ. ಬಾಗಿಲ ಹೊರಗೆ, ಮನೆಯಲ್ಲಿ, ದಾರಿಯಲ್ಲಿ, 'ನೋಡೋಣ' ಎನ್ನುವುದರಲ್ಲಿ ಕಳೆದುಹೋದದ್ದು ಆರು ಗಂಟೆ. ಬಡವರಿಗೆ ಬೇಕಾದ ಚಿಕಿತ್ಸೆ ಕಡಿಮೆ ಸಿಕ್ಕಿತು, ಅವರಲ್ಲಿ ಸಾವು ಹೆಚ್ಚಾಗಿತ್ತು ಎಂಬುದನ್ನೂ ಅದೇ ಅಧ್ಯಯನ ತೋರಿಸಿತು. ಆಸ್ಪತ್ರೆಯೊಳಗಿನ ಕೊರತೆಯನ್ನು ಸರಿಪಡಿಸಬೇಕಾದವರು ಸರ್ಕಾರ ಮತ್ತು ವೈದ್ಯರು. ಮನೆಯಲ್ಲಿ ಕಳೆಯುವ ಹೊತ್ತನ್ನು ಉಳಿಸಬೇಕಾದವರು ನಾವೇ.

ಇ.ಸಿ.ಜಿ. ಎಂದರೇನು?

ಹೃದಯ ಬಡಿಯುವಾಗಲೆಲ್ಲ ಅದರಲ್ಲಿ ಅತಿ ಸಣ್ಣ ವಿದ್ಯುತ್ ಹರಿಯುತ್ತದೆ. ಅದನ್ನು ಚರ್ಮದ ಮೇಲಿಂದಲೇ ಹಿಡಿದು ಕಾಗದದ ಮೇಲೆ ಗೆರೆಯಾಗಿ ಬರೆಯುವ ಯಂತ್ರವೇ ಇ.ಸಿ.ಜಿ. ಹಾಲೆಂಡ್ ದೇಶದ ವಿಲ್ಲೆಮ್ ಐಂತೋವನ್ ಎಂಬ ವಿಜ್ಞಾನಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ಬಳಕೆಗೆ ತಂದರು. ಅವರ ಮೊದಲ ಯಂತ್ರ ಎರಡೂವರೆ ಕ್ವಿಂಟಾಲಿಗೂ ಹೆಚ್ಚು ತೂಗುತ್ತಿತ್ತು. ಪರೀಕ್ಷೆಗೆ ಬಂದವರು ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕಿತ್ತು. ಯಂತ್ರವನ್ನು ಆಸ್ಪತ್ರೆಗೆ ಒಯ್ಯಲಾಗದೆ 1905ರಲ್ಲಿ ಅವರು ಆಸ್ಪತ್ರೆಯಲ್ಲಿದ್ದವರ ಹೃದಯದ ಸಂಕೇತವನ್ನು ಟೆಲಿಫೋನ್ ತಂತಿಯ ಮೂಲಕ ಸುಮಾರು ಒಂದೂವರೆ ಕಿ.ಮೀ. ದೂರದ ತಮ್ಮ ಪ್ರಯೋಗಾಲಯಕ್ಕೆ ತರಿಸಿಕೊಂಡರು. ಈ ಸಾಧನೆಗೆ 1924ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಈಗಿನ ಯಂತ್ರ ಒಂದು ಕೈಚೀಲದಲ್ಲಿ ಹಿಡಿಸುತ್ತದೆ.

ಪರೀಕ್ಷೆಗೆ ಹೆದರುವ ಅಗತ್ಯವಿಲ್ಲ. ಮಲಗಿಸಿ, ಕೈಕಾಲುಗಳಿಗೆ ನಾಲ್ಕು ಮತ್ತು ಎದೆಗೆ ಆರು ತಂತಿಗಳನ್ನು ಅಂಟಿಸುತ್ತಾರೆ. ಯಂತ್ರದಿಂದ ಮೈಗೆ ಕರೆಂಟು ಬರುವುದಿಲ್ಲ, ನಮ್ಮ ಮೈಯಲ್ಲಿರುವುದನ್ನು ಅದು ಓದುತ್ತದೆ ಅಷ್ಟೇ. ಸೂಜಿಯಿಲ್ಲ, ನೋವಿಲ್ಲ, ಐದು ನಿಮಿಷದ ಕೆಲಸ. ಎದೆಯ ಬಟ್ಟೆ ಸರಿಸಬೇಕಾದ್ದರಿಂದ ಹೆಣ್ಣುಮಕ್ಕಳು ಸಂಕೋಚ ಪಡುತ್ತಾರೆ. ನರ್ಸಮ್ಮನವರನ್ನು ಕರೆಯಿಸಿ, ಪರದೆ ಎಳೆಸಿ ಎಂದು ಕೇಳಬಹುದು. ಸಂಕೋಚಕ್ಕಾಗಿ ಪರೀಕ್ಷೆಯನ್ನೇ ಬಿಡಬಾರದು.

ಆ ಗೆರೆಯಲ್ಲಿ ವೈದ್ಯರು ಏನು ನೋಡುತ್ತಾರೆ? ಪ್ರತಿ ಬಡಿತಕ್ಕೂ ಗೆರೆ ಒಂದು ಮೊನಚಾದ ಏರು ಹತ್ತಿ ಇಳಿದು, ಸ್ವಲ್ಪ ಸಮತಟ್ಟಾಗಿ ಸಾಗಿ, ಮತ್ತೆ ಒಂದು ಸಣ್ಣ ದಿಬ್ಬ ಏರುತ್ತದೆ. ದೊಡ್ಡ ನಾಳ ಪೂರ್ತಿ ಮುಚ್ಚಿದಾಗ ಆ ಸಮತಟ್ಟಾದ ಭಾಗ ಕೆಳಗಿಳಿಯದೆ, ಹೆಡೆ ಎತ್ತಿದ ಹಾವಿನಂತೆ ಮೇಲೆಯೇ ನಿಲ್ಲುತ್ತದೆ. ಒಂದೆರಡು ಮಿಲಿಮೀಟರ್ ಏರಿದರೂ ವೈದ್ಯರಿಗೆ ಅದು ದೊಡ್ಡ ಸುದ್ದಿ. ಯಾವ ತಂತಿಯ ಗೆರೆ ಏರಿದೆ ಎಂಬುದರಿಂದ ಹೃದಯದ ಯಾವ ಭಾಗಕ್ಕೆ ಪೆಟ್ಟು ಎಂದೂ ತಿಳಿಯುತ್ತದೆ. ಕೂಡಲೇ ನಾಳ ತೆರೆಯಬೇಕಾದ ರೋಗಿ ಯಾರು ಎಂಬ ನಿರ್ಧಾರ ಈ ಕಾಗದದ ಮೇಲೆಯೇ ಆಗುತ್ತದೆ. ಎದೆನೋವಿನವರು ಬಂದ ಹತ್ತು ನಿಮಿಷದೊಳಗೆ ಇ.ಸಿ.ಜಿ. ತೆಗೆಯಬೇಕು ಎಂಬ ನಿಯಮ ಇರುವುದು ಇದಕ್ಕಾಗಿಯೇ. ಸಾಲಿನಲ್ಲಿ ಚೀಟಿ ಹಿಡಿದು ಕೂರಬೇಡಿ. 'ಎದೆನೋವು' ಎಂಬ ಮಾತನ್ನು ಬಾಗಿಲಲ್ಲೇ ಹೇಳಿ.

ಆದರೆ ಒಂದು ಮಾತು. ಮೊದಲ ಇ.ಸಿ.ಜಿ. ಸರಿಯಾಗಿದೆ ಎಂದ ಮಾತ್ರಕ್ಕೆ ಹೃದಯಾಘಾತ ಇಲ್ಲವೇ ಇಲ್ಲ ಎಂದಲ್ಲ. ಕೆಲವರಲ್ಲಿ ಗುರುತು ತಡವಾಗಿ ಕಾಣಿಸಿಕೊಳ್ಳುತ್ತದೆ. ನಾಳ ಅರ್ಧಂಬರ್ಧ ಮುಚ್ಚಿದ್ದರೆ ಗೆರೆ ಏರದೆಯೂ ಇರಬಹುದು. ನೋವು ಇನ್ನೂ ಇದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯುತ್ತಾರೆ, ಟ್ರೋಪೋನಿನ್ ಎಂಬ ರಕ್ತಪರೀಕ್ಷೆಯನ್ನೂ ಮಾಡುತ್ತಾರೆ. 'ಒಂದು ಸಲ ತೆಗೆದಾಯಿತಲ್ಲ, ಮನೆಗೆ ಹೋಗೋಣ' ಎಂದು ವೈದ್ಯರ ಮಾತು ಮೀರಿ ಎದ್ದು ಬರಬೇಡಿ. ತೆಗೆದ ಪ್ರತಿ ಇ.ಸಿ.ಜಿ. ಕಾಗದವನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೆ ಹೋಲಿಸಿ ನೋಡಲು ವೈದ್ಯರಿಗೆ ಅದು ಬಹಳ ಸಹಾಯ.

ಹತ್ತಿರದ ಇ.ಸಿ.ಜಿ. ಮೊದಲು, ದೂರದ ಆಸ್ಪತ್ರೆ ಆಮೇಲೆ

ಮುಚ್ಚಿದ ನಾಳವನ್ನು ತೆರೆಯಲು ಎರಡು ದಾರಿಗಳಿವೆ. ಒಂದು, ಆಂಜಿಯೋಪ್ಲಾಸ್ಟಿ. ಸಣ್ಣ ಕೊಳವೆಯನ್ನು ಹೃದಯದ ನಾಳದವರೆಗೆ ತೂರಿಸಿ, ಬಲೂನಿನಿಂದ ನಾಳ ಹಿಗ್ಗಿಸಿ, ಸ್ಟೆಂಟ್ ಕೂರಿಸುವುದು. ಇದೇ ಉತ್ತಮ, ಆದರೆ ದೊಡ್ಡ ಆಸ್ಪತ್ರೆ ಬೇಕು. ಎರಡು, ಹೆಪ್ಪು ಕರಗಿಸುವ ಚುಚ್ಚುಮದ್ದು. ಇದನ್ನು ಸಣ್ಣ ಆಸ್ಪತ್ರೆಯಲ್ಲೂ ಕೊಡಬಹುದು. ಇ.ಸಿ.ಜಿ.ಯಲ್ಲಿ ದೊಡ್ಡ ಹೃದಯಾಘಾತ ಕಂಡ ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಆಗುವಂತಿಲ್ಲದಿದ್ದರೆ ಮೊದಲು ಚುಚ್ಚುಮದ್ದು ಕೊಟ್ಟು ಆಮೇಲೆ ಸಾಗಿಸಬೇಕು ಎಂಬುದು ವೈದ್ಯಲೋಕ ಒಪ್ಪಿದ ಕ್ರಮ.

ತಮಿಳುನಾಡಿನಲ್ಲಿ ಇದನ್ನು ಮಾಡಿ ತೋರಿಸಲಾಗಿದೆ. ಕೊಯಮತ್ತೂರಿನ ಡಾ. ಥಾಮಸ್ ಅಲೆಕ್ಸಾಂಡರ್, ಚೆನ್ನೈನ ಡಾ. ಅಜಿತ್ ಮುಳ್ಳಶಾರಿ ಮತ್ತು ಸಂಗಡಿಗರು 2012ರಿಂದ 2014ರವರೆಗೆ ಸಣ್ಣ ಆಸ್ಪತ್ರೆಗಳನ್ನು ದೊಡ್ಡ ಆಸ್ಪತ್ರೆಗಳಿಗೆ ಜೋಡಿಸಿ ನಾಲ್ಕು ಗುಂಪುಗಳನ್ನು ಮಾಡಿದರು. ಸಣ್ಣ ಕಡೆ ಇ.ಸಿ.ಜಿ. ತೆಗೆದು ಚಿಕಿತ್ಸೆ ಆರಂಭಿಸುವುದು, ನಂತರ ದೊಡ್ಡ ಕಡೆಗೆ ಕಳುಹಿಸುವುದು ಅದರ ಕ್ರಮ. ಒಟ್ಟು 2,420 ರೋಗಿಗಳ ಲೆಕ್ಕ ತೆಗೆದಾಗ, ಮೊದಲು ವರ್ಷದೊಳಗೆ ನೂರಕ್ಕೆ 17.6 ಮಂದಿ ಸಾಯುತ್ತಿದ್ದದ್ದು ಈ ವ್ಯವಸ್ಥೆ ಬಂದ ಮೇಲೆ 14.2ಕ್ಕೆ ಇಳಿದಿತ್ತು. ನೂರರಲ್ಲಿ ಮೂವರು ನಾಲ್ವರು ಹೆಚ್ಚಾಗಿ ಮನೆಗೆ ಮರಳಿದರು ಎಂದರೆ ಅಷ್ಟು ಕುಟುಂಬಗಳ ದೀಪ ಉಳಿಯಿತು ಎಂದೇ ಅರ್ಥ.

2023ರಲ್ಲಿ ತಮಿಳುನಾಡು ಸರ್ಕಾರ 'ಇದಯಂ ಕಾಪ್ಪೋಂ' ಎಂಬ ಯೋಜನೆ ತಂದಿತು. ಹೃದಯಾಘಾತದ ಲಕ್ಷಣ ಇರುವವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ, ಉಪಕೇಂದ್ರಗಳಲ್ಲಿ ಕೂಡ, ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಅಟೋರ್ವಾಸ್ಟಾಟಿನ್ ಎಂಬ ಮೂರು ಬಗೆಯ ಮಾತ್ರೆಗಳನ್ನು ಮೊದಲ ದೊಡ್ಡ ಪ್ರಮಾಣದಲ್ಲಿ ಕೊಟ್ಟು ಮುಂದಕ್ಕೆ ಕಳುಹಿಸುವುದು ಈ ಯೋಜನೆ. ಒಟ್ಟು 14 ಮಾತ್ರೆಗಳು. ಒಂದೇ ಸಲ ಒಂದು ಹಿಡಿ ಮಾತ್ರೆ ಕೊಟ್ಟರೆಂದು ಗಾಬರಿಯಾಗಬೇಡಿ. ಹೆಪ್ಪು ಬೆಳೆಯದಂತೆ ತಡೆಯಲು ಅಷ್ಟು ಬೇಕಾಗುತ್ತದೆ.

ಗಡಿಯ ಆಚೆಗೂ ನೋಡೋಣ. ನಮ್ಮ ತಾಳವಾಡಿಯ ಗಾಜನೂರು ಡಾ. ರಾಜ್‌ಕುಮಾರ್ ಅವರ ಊರು ಎಂದು ಕನ್ನಡನಾಡೆಲ್ಲ ಬಲ್ಲದು. ಅವರ ಕಿರಿಯ ಮಗ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಬರೀ 46. ವ್ಯಾಯಾಮ ಮಾಡಿ ಮೈ ಗಟ್ಟಿ ಇಟ್ಟುಕೊಂಡಿದ್ದವರು. ಹರೆಯವಾಗಲಿ, ಗಟ್ಟಿಮುಟ್ಟಾದ ಮೈಯಾಗಲಿ ಹೃದಯಾಘಾತಕ್ಕೆ ಪೂರ್ತಿ ಕಾವಲಲ್ಲ ಎಂದು ಅಂದು ಎಲ್ಲರಿಗೂ ತಿಳಿಯಿತು. 'ಹೊಲದಲ್ಲಿ ದುಡಿಯುವ ಮೈ, ನನಗೇನಾಗುತ್ತದೆ' ಎನ್ನುವ ನಮ್ಮವರಿಗೂ ಇದು ಪಾಠ. ಕರ್ನಾಟಕ ಸರ್ಕಾರ ಅವರ ಹೆಸರಿನಲ್ಲೇ 'ಹೃದಯ ಜ್ಯೋತಿ' ಯೋಜನೆ ನಡೆಸುತ್ತಿದೆ. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಜಯದೇವದಂತಹ ದೊಡ್ಡ ಸಂಸ್ಥೆಯ ತಜ್ಞರು ಅಲ್ಲಿಂದಲೇ ನೋಡುತ್ತಾರೆ. ಬೇಕಾದವರಿಗೆ ಟೆನೆಕ್ಟೆಪ್ಲೇಸ್ ಎಂಬ, ಸಾವಿರಾರು ರೂಪಾಯಿ ಬೆಲೆಯ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಇದಕ್ಕೂ ಮುಂಚೆ, 2018ರಲ್ಲಿ, ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರ ಕೊಡಿಸಿ, ಅಲ್ಲಿಂದ ವಾಟ್ಸ್ಆ್ಯಪ್‌ನಲ್ಲಿ ಬರುವ ಗೆರೆಗಳನ್ನು ನೋಡಿ ಸಲಹೆ ಕೊಡುವ ಕೆಲಸ ಆರಂಭಿಸಿದ್ದರು. ಐಂತೋವನ್ ಟೆಲಿಫೋನ್ ತಂತಿಯಲ್ಲಿ ಮಾಡಿದ್ದೇ ನಮ್ಮ ಹಳ್ಳಿಯ ಮೊಬೈಲಿಗೆ ಬಂದಿದೆ.

ಇವೆಲ್ಲದರಿಂದ ನಾವು ಕಲಿಯಬೇಕಾದದ್ದು ಒಂದೇ. ಎದೆನೋವಿನವರನ್ನು ಕರೆದುಕೊಂಡು ನೇರವಾಗಿ ದೂರದ ದೊಡ್ಡ ಆಸ್ಪತ್ರೆಗೆ ಓಡುವುದಲ್ಲ. ಮೊದಲು ಹತ್ತಿರದ ಇ.ಸಿ.ಜಿ., ಮೊದಲ ಮಾತ್ರೆ, ಆಮೇಲೆ ವೈದ್ಯರು ಹೇಳಿದ ಕಡೆಗೆ ಪ್ರಯಾಣ.

ನಮ್ಮ ಬೆಟ್ಟದಲ್ಲಿ ಏನು ಮಾಡಬೇಕು?

1. ಕೆಲಸ ನಿಲ್ಲಿಸಿ, ರೋಗಿಯನ್ನು ಒರಗಿ ಕುಳಿತುಕೊಳ್ಳುವಂತೆ ಕೂರಿಸಿ. ನಡೆಸಬೇಡಿ. ಗದ್ದೆಯ ಬದುವಿನಲ್ಲಾದರೆ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಎತ್ತಿ ತನ್ನಿ. ದ್ವಿಚಕ್ರ ವಾಹನದಲ್ಲಿ ಹಿಂದೆ ಕೂರಿಸಿಕೊಂಡು ಹೋಗಬೇಡಿ, ದಾರಿಯಲ್ಲಿ ಪ್ರಜ್ಞೆ ತಪ್ಪಿದರೆ ಬೀಳುತ್ತಾರೆ. ರೋಗಿಯೇ ಗಾಡಿ ಓಡಿಸುವುದಂತೂ ಕೂಡದು.

2. 108ಕ್ಕೆ ಕರೆ ಮಾಡಿ. ಗಡಿಯ ಊರಾದ್ದರಿಂದ ಕರೆಗೆ ಯಾರೇ ಉತ್ತರಿಸಿದರೂ ಮೊದಲು 'ತಮಿಳುನಾಡು, ಈರೋಡು ಜಿಲ್ಲೆ, ತಾಳವಾಡಿ ತಾಲೂಕು' ಎಂದು ಹೇಳಿ, ಆಮೇಲೆ ಊರಿನ ಹೆಸರು, ಗುರುತು ಹೇಳಿ. ಬರುವುದು ಬಹಳ ತಡ ಎಂದಾದರೆ ಊರಿನ ಕಾರು ಹಿಡಿದು ಹೊರಡಿ. ಸಿಗ್ನಲ್ ಸಿಗದ ಕಾಡಂಚಿನ ಊರಿನವರು ಎಲ್ಲಿ ನಿಂತರೆ ಫೋನ್ ಸಿಗುತ್ತದೆ ಎಂಬುದನ್ನು ಮೊದಲೇ ನೋಡಿಟ್ಟುಕೊಳ್ಳಿ.

3. ರೋಗಿಗೆ ಪ್ರಜ್ಞೆ ಇದ್ದು, ಆಸ್ಪಿರಿನ್ ಅಲರ್ಜಿಯಾಗಲಿ, ಇತ್ತೀಚೆಗೆ ರಕ್ತವಾಂತಿ, ಹೊಟ್ಟೆಯ ಹುಣ್ಣಿನ ರಕ್ತಸ್ರಾವ, ಪಾರ್ಶ್ವವಾಯುವಾಗಲಿ ಇಲ್ಲದಿದ್ದರೆ 300 ಮಿಲಿಗ್ರಾಂ ಆಸ್ಪಿರಿನ್ ಅನ್ನು ಅಗಿದು ನುಂಗಿಸಬಹುದು. 108ರವರನ್ನೋ ಆರೋಗ್ಯ ಕಾರ್ಯಕರ್ತೆಯನ್ನೋ ಕೇಳಿಯೇ ಕೊಡಿ. ಕೊಟ್ಟದ್ದನ್ನು ವೈದ್ಯರಿಗೆ ತಿಳಿಸಿ. ಪಕ್ಕದ ಮನೆಯವರ ನಾಲಿಗೆ ಕೆಳಗಿಡುವ ಮಾತ್ರೆಯನ್ನು ಕೊಡಬೇಡಿ. ರಕ್ತದೊತ್ತಡ ಕುಸಿಯಬಹುದು.

4. ಊಟ, ಕಾಫಿ, ಸೋಡಾ, ಬೀಡಿ ಬೇಡ. ಬಿಗಿಯಾದ ಬಟ್ಟೆ ಸಡಿಲಿಸಿ. ಸುತ್ತ ಗುಂಪು ಕಟ್ಟಿ ಅಳಬೇಡಿ.

5. ಹತ್ತಿರದಲ್ಲಿ ಇ.ಸಿ.ಜಿ. ಇರುವ ಆಸ್ಪತ್ರೆಗೆ ಹೋಗಿ. ನೋವು ಶುರುವಾದ ಗಂಟೆ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ, ಸಕ್ಕರೆ, ಬಿ.ಪಿ., ಹಿಂದಿನ ಶಸ್ತ್ರಚಿಕಿತ್ಸೆ, ಪಾರ್ಶ್ವವಾಯು ಇವನ್ನೆಲ್ಲ ಸರಿಯಾಗಿ ಹೇಳಿ. ಹೆಪ್ಪು ಕರಗಿಸುವ ಮದ್ದು ಕೆಲವರಿಗೆ ಕೂಡದು, ಅದನ್ನು ವೈದ್ಯರು ಈ ಉತ್ತರಗಳಿಂದಲೇ ನಿರ್ಧರಿಸುತ್ತಾರೆ.

6. ಮುಂದೆ ಎಲ್ಲಿಗೆ ಎಂದು ಅಲ್ಲಿಯ ವೈದ್ಯರನ್ನೇ ಕೇಳಿ. ಸತ್ಯಮಂಗಲದ ಕಡೆ ಇಳಿಯಬೇಕೆಂದರೆ ದಿಂಬಂ ಘಟ್ಟದ 27 ತಿರುವುಗಳಿವೆ. 2022ರ ಫೆಬ್ರವರಿಯಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದ್ದರೂ ಆಂಬುಲೆನ್ಸ್‌ಗೆ ಅದು ಅನ್ವಯಿಸುವುದಿಲ್ಲ. ಇತ್ತ ಚಾಮರಾಜನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಅಲ್ಲಿಂದ ಸುಮಾರು 60 ಕಿ.ಮೀ. ದೂರದ ಮೈಸೂರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇದೆ. ಕುಟುಂಬ ಚೀಟಿ, ಆಧಾರ್, ವಿಮೆಯ ಕಾರ್ಡು ಒಂದೇ ಚೀಲದಲ್ಲಿ ಸಿದ್ಧವಾಗಿರಲಿ. ಆದರೆ ಚೀಟಿ ಹುಡುಕುತ್ತಾ ಹೊರಡುವುದನ್ನು ತಡ ಮಾಡಬೇಡಿ. ಅದನ್ನು ಹಿಂದಿನಿಂದ ಯಾರಾದರೂ ತರಬಹುದು.

ಆನೆ ಕಾಯಲು, ಹಂದಿ ಕಾಯಲು ರಾತ್ರಿ ಅಟ್ಟಣೆಯಲ್ಲಿ ಒಬ್ಬರೇ ಮಲಗುವವರು ನಮ್ಮಲ್ಲಿ ಬಹಳ ಮಂದಿ. ಬಿ.ಪಿ., ಸಕ್ಕರೆ, ಎದೆನೋವು ಇರುವವರು ಒಬ್ಬರೇ ಕಾವಲಿಗೆ ಹೋಗಬಾರದು. ಪಕ್ಕದ ಹೊಲದವರೊಡನೆ ಒಂದು ಸಂಕೇತ ಮಾಡಿಕೊಳ್ಳಿ. ಟಾರ್ಚನ್ನು ಮೂರು ಸಲ ಹೊತ್ತಿಸಿ ಆರಿಸಿದರೆ ಬರಬೇಕು ಎಂಬಂತೆ.

ಇನ್ನೊಂದು ವಿಷಯ. ಹೀಗಾದಾಗ ಮೊದಲು ಗುರುಮನೆಗೆ ಆಳನ್ನು ಓಡಿಸುವ ಪದ್ಧತಿ ನಮ್ಮಲ್ಲಿದೆ. ಕರೆದರೆ ನಾವು ಖಂಡಿತ ಬರುತ್ತೇವೆ. ಆದರೆ ಮೊದಲ ಕರೆ 108ಕ್ಕೆ, ಎರಡನೆಯದು ಗುರುಮನೆಗೆ. ಅಭ್ಯಂಗ ಸಂಸ್ಕಾರವನ್ನು ಆಸ್ಪತ್ರೆಯಲ್ಲೂ ಕೊಡಬಹುದು. ಅದಕ್ಕಾಗಿ ರೋಗಿಯನ್ನು ಮನೆಯಲ್ಲಿ ತಡೆದಿಟ್ಟುಕೊಳ್ಳಿ ಎಂದು ಧರ್ಮಸಭೆ ಕೇಳುವುದಿಲ್ಲ.

ಕುಸಿದು ಬಿದ್ದರೆ

ಕೆಲವೊಮ್ಮೆ ಹೃದಯಾಘಾತದ ನಡುವೆ ಹೃದಯದ ಬಡಿತವೇ ನಿಲ್ಲುತ್ತದೆ. ರೋಗಿ ಕುಸಿದು, ಕೂಗಿದರೂ ಮಿಸುಕದೆ, ಉಸಿರಾಡದೆ ಅಥವಾ ಆಗೊಮ್ಮೆ ಈಗೊಮ್ಮೆ ಏದುಸಿರು ಬಿಡುತ್ತಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಎದೆಮೂಳೆಯ ಕೆಳಭಾಗದ ಮೇಲೆ ಒಂದು ಅಂಗೈ, ಅದರ ಮೇಲೆ ಇನ್ನೊಂದು ಇಟ್ಟು, ಮೊಣಕೈ ಮಡಿಸದೆ, ಎದೆ ಎರಡು ಅಂಗುಲ ತಗ್ಗುವಂತೆ ಜೋರಾಗಿ ಒತ್ತಿ ಬಿಡಿ. ನಿಮಿಷಕ್ಕೆ 100ರಿಂದ 120 ಸಲ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬಾರದು. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಯಿಸಿಕೊಳ್ಳಿ. ಬಾಯಿಗೆ ನೀರು ಹಾಕಬೇಡಿ. ನಮ್ಮ ಯುವಕ ಯುವತಿಯರು ಇದನ್ನು ಓದಿ ಬಿಡದೆ ಆರೋಗ್ಯ ಕೇಂದ್ರದವರಿಂದ ಕೈಯಾರೆ ಕಲಿಯಬೇಕು.

ಮನೆಗೆ ಬಂದ ಮೇಲೆ

ಬದುಕಿ ಬಂದವರು ಮೂರು ತಿಂಗಳಾದ ಮೇಲೆ 'ಈಗ ಚೆನ್ನಾಗಿದ್ದೇನೆ' ಎಂದು ಮಾತ್ರೆ ಬಿಡುವುದು ದೊಡ್ಡ ಅಪಾಯ. ಸ್ಟೆಂಟ್ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಒಂದು ದಿನವೂ ಬಿಡಬಾರದು, ಅದೇ ಜಾಗದಲ್ಲಿ ಮತ್ತೆ ಹೆಪ್ಪುಗಟ್ಟಬಹುದು. ಬೀಡಿ, ಸಿಗರೇಟು, ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪು ಪೂರ್ತಿ ನಿಲ್ಲಬೇಕು. ಉಪ್ಪು, ಉಪ್ಪಿನಕಾಯಿ ಕಡಿಮೆಯಾಗಬೇಕು. ರಾಗಿ, ಕಾಳು, ಸೊಪ್ಪು, ತರಕಾರಿ ನಮ್ಮ ಹೊಲದಲ್ಲೇ ಇವೆ. ಮಾರಿ ಉಳಿದದ್ದನ್ನು ತಿನ್ನುವುದು ಬಿಟ್ಟು, ಮನೆಗೆಂದೇ ಮೊದಲು ತೆಗೆದಿಡಿ. 30 ವರ್ಷ ದಾಟಿದವರು ವರ್ಷಕ್ಕೊಮ್ಮೆಯಾದರೂ ಬಿ.ಪಿ., ಸಕ್ಕರೆ ನೋಡಿಸಿ. 2021ರಲ್ಲಿ ಆರಂಭವಾದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಲ್ಲಿ ಈ ಎರಡಕ್ಕೂ ಮಾತ್ರೆಗಳನ್ನು ಮನೆ ಬಾಗಿಲಿಗೇ ತಂದುಕೊಡುತ್ತಾರೆ.

ಕಿರು ಕ್ರೈಸ್ತ ಸಮುದಾಯದ ಕೂಟದಲ್ಲಿ ಮಾತಾಡಿಕೊಳ್ಳಲು

1. ನಮ್ಮ ಊರಿಗೆ ಹತ್ತಿರದಲ್ಲಿ ಇ.ಸಿ.ಜಿ. ಯಂತ್ರ ಎಲ್ಲಿದೆ? ರಾತ್ರಿಯೂ, ಭಾನುವಾರವೂ ಅಲ್ಲಿ ತೆಗೆಯುವವರು ಇರುತ್ತಾರೆಯೇ? ಇಬ್ಬರು ಹೋಗಿ ವಿಚಾರಿಸಿ ಬಂದು ಎಲ್ಲರಿಗೂ ತಿಳಿಸಲಿ. ಇಲ್ಲವೆಂದಾದರೆ ಯಾರಿಗೆ ಮನವಿ ಕೊಡಬೇಕು?

2. ರಾತ್ರಿ ಎರಡು ಗಂಟೆಗೆ ಕರೆದರೂ ಗಾಡಿ ತರುವ ಮೂವರು ಯಾರು? ಅವರ ಫೋನ್ ಸಂಖ್ಯೆ ಪ್ರತಿ ಮನೆಯ ಗೋಡೆಯ ಮೇಲೆ 108ರ ಪಕ್ಕದಲ್ಲಿ ಬರೆದಿದೆಯೇ?

3. ಒಬ್ಬರೇ ಇರುವ ವಯಸ್ಸಾದವರು ನಮ್ಮ ಬೀದಿಯಲ್ಲಿ ಎಷ್ಟು ಮಂದಿ? ರಾತ್ರಿ ಅವರು ಕೂಗಿದರೆ ಯಾರಿಗೆ ಕೇಳಿಸುತ್ತದೆ?

ಈ ಮೂರು ಪ್ರಶ್ನೆಗಳಿಗೆ ಉತ್ತರ ಬರೆದ ಚೀಟಿಯನ್ನು ಪ್ರತಿ ಸಮುದಾಯದ ಮುಖಂಡರು ಮುಂದಿನ ಭಾನುವಾರ ಪೂಜೆಯ ನಂತರ ಗುರುಮನೆಗೆ ತಂದುಕೊಡಬೇಕೆಂದು ಕೋರುತ್ತೇವೆ. ಎಲ್ಲವನ್ನೂ ಸೇರಿಸಿ ದೇವಾಲಯದ ಬಾಗಿಲ ಬಳಿಯ ಫಲಕದಲ್ಲಿ ಹಾಕುತ್ತೇವೆ.